ದೊರೆ ತೀರಿಕೊಂಡಾಗ ಆಟ ನಿಲ್ಲಬೇಕೆ? ಬ್ರಿಟನ್ನಿನ ಹನ್ನೊಂದು ದಿನಗಳ ಲೆಕ್ಕ

2022ರ ಸೆಪ್ಟೆಂಬರ್ 8, ಗುರುವಾರ. ಬ್ರಿಟನ್ನಿನಲ್ಲಿ ಸಂಜೆ ಆರೂವರೆಗೆ, ಎರಡನೇ ಎಲಿಜಬೆತ್ ರಾಣಿ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ ತೀರಿಕೊಂಡರೆಂದು ಅರಮನೆ ಪ್ರಕಟಿಸಿತು. ಎಂಟು ಗಂಟೆಗೆ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಸ್ಪೇನಿನ ರಿಯಲ್ ಸೊಸಿಯೆದಾದ್ ನಡುವೆ ಓಲ್ಡ್ ಟ್ರಾಫರ್ಡ್‌ನಲ್ಲಿ ಯುರೋಪಾ ಲೀಗ್ ಪಂದ್ಯ ಇತ್ತು. ಅದು ನಡೆಯಿತು. ಮಾರನೆಯ ದಿನ, ಶುಕ್ರವಾರ, ದೇಶದ ಆಟಗಳೆಲ್ಲ ಹೆಚ್ಚೂಕಡಿಮೆ ನಿಂತವು. ಶನಿವಾರ ಬೆಳಗಾಗುವಾಗ ದಾರಿಗಳು ಬೇರೆಯಾಗಿದ್ದವು. ಲಂಡನ್ನಿನ ಓವಲ್‌ನಲ್ಲಿ ಇಂಗ್ಲೆಂಡ್–ದಕ್ಷಿಣ ಆಫ್ರಿಕಾ ಟೆಸ್ಟ್ ಶುರುವಾಯಿತು, ರಗ್ಬಿ ನಡೆಯಿತು, ವೆಂಟ್‌ವರ್ತ್‌ನಲ್ಲಿ ಗಾಲ್ಫ್ ಮುಂದುವರಿಯಿತು. ಫುಟ್ಬಾಲ್ ಮಾತ್ರ ಪ್ರೀಮಿಯರ್ ಲೀಗಿನಿಂದ ಹಿಡಿದು ಪಾರ್ಕಿನಲ್ಲಿ ಮಕ್ಕಳು ಆಡುವ ಪಂದ್ಯದವರೆಗೆ ಆ ವಾರಾಂತ್ಯ ಪೂರ್ತಿ ಬಂದ್ ಆಯಿತು.

ದೇಶ ಒಂದೇ, ಸಾವು ಒಂದೇ. ಆದರೂ ಒಂದೊಂದು ಆಟ ಒಂದೊಂದು ತೀರ್ಮಾನಕ್ಕೆ ಬಂತು. ಇದನ್ನು ಭಾವನೆಯ ಜಗಳವಾಗಿ ನೋಡಿದರೆ ಅರ್ಥವಾಗುವುದಿಲ್ಲ. ಶೋಕದ ಆದೇಶದಲ್ಲಿ ಏನಿರುತ್ತದೆ, ಪಂದ್ಯ ನಡೆಸಲು ಏನೇನು ಬೇಕು, ನಿಲ್ಲಿಸಿದರೆ ಯಾರ ತಲೆಯ ಮೇಲೆ ಏನು ಬೀಳುತ್ತದೆ, ಇವನ್ನು ಬಿಡಿಸಿ ನೋಡಿದಾಗ ಉತ್ತರ ಸಾಕಷ್ಟು ಸ್ಪಷ್ಟವಾಗಿಯೇ ಸಿಗುತ್ತದೆ.

ಸರ್ಕಾರ ಹೇಳಿದ್ದೇನು

ಬ್ರಿಟನ್ನಿನ ರಾಷ್ಟ್ರೀಯ ಶೋಕ ಸೆಪ್ಟೆಂಬರ್ 9ರಿಂದ ಅಂತ್ಯಕ್ರಿಯೆ ನಡೆದ 19ರ ರಾತ್ರಿಯವರೆಗೆ ಇತ್ತು. ರಾಜಮನೆತನದ ಶೋಕ ಬೇರೆಯದು, ಅದು ಅಂತ್ಯಕ್ರಿಯೆಯ ನಂತರ ಇನ್ನೂ ಏಳು ದಿನ ನಡೆಯಿತು. ರಾಷ್ಟ್ರೀಯ ಶೋಕದ ಬಗ್ಗೆ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಕ್ರೀಡೆಯ ಮಾತು ನೇರವಾಗಿಯೇ ಇತ್ತು. ಪಂದ್ಯಗಳನ್ನು ರದ್ದು ಮಾಡುವ ಅಥವಾ ಮುಂದೂಡುವ ಬಾಧ್ಯತೆ ಯಾರಿಗೂ ಇಲ್ಲ, ತೀರ್ಮಾನ ಆಯಾ ಸಂಸ್ಥೆಗೆ ಬಿಟ್ಟದ್ದು. ಅಂತ್ಯಕ್ರಿಯೆಯ ದಿನ ಮಾತ್ರ ಗೌರವದ ಗುರುತಾಗಿ ನಿಲ್ಲಿಸುವುದನ್ನು ಯೋಚಿಸಬಹುದು, ಅಥವಾ ಪ್ರಾರ್ಥನೆ ಮತ್ತು ಮೆರವಣಿಗೆಯ ವೇಳೆಗೆ ತಾಗದಂತೆ ಸಮಯ ಬದಲಿಸಬಹುದು. ಪಂದ್ಯ ನಡೆಸುವವರು ಆರಂಭದಲ್ಲಿ ಮೌನ ಆಚರಿಸಬಹುದು, ರಾಷ್ಟ್ರಗೀತೆ ಹಾಡಿಸಬಹುದು, ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಬಹುದು.

ಎಲ್ಲವೂ ‘ಬಹುದು’. ‘ತಕ್ಕದ್ದು’ ಒಂದೂ ಇಲ್ಲ. ಎಷ್ಟೋ ವರ್ಷಗಳಿಂದ ‘ಲಂಡನ್ ಬ್ರಿಡ್ಜ್’ ಎಂಬ ಗುಪ್ತನಾಮದಲ್ಲಿ ಸಿದ್ಧವಾಗಿದ್ದ ಯೋಜನೆ ಶವಯಾತ್ರೆಯ ದಾರಿಯನ್ನೂ ದಿನವಾರು ಕಾರ್ಯಕ್ರಮವನ್ನೂ ನಿಗದಿ ಮಾಡಿತ್ತು. ಆಟದ ವಿಷಯವನ್ನು ಮಾತ್ರ ಆಟದವರಿಗೇ ಬಿಟ್ಟಿತು. ಗೊಂದಲ ಶುರುವಾದದ್ದು ಇಲ್ಲಿಂದಲೇ. ಸ್ವಾತಂತ್ರ್ಯ ಸಿಕ್ಕಿತು, ಆದರೆ ತೀರ್ಮಾನಕ್ಕೆ ಇದ್ದ ಸಮಯ ಕೆಲವೇ ಗಂಟೆ. ಅಂಥ ಹೊತ್ತಿನಲ್ಲಿ ಸಂಸ್ಥೆಗಳು ಸಾಮಾನ್ಯವಾಗಿ ಟೀಕೆ ಕಡಿಮೆ ಬರುವ ದಾರಿ ಹಿಡಿಯುತ್ತವೆ. ನಿಲ್ಲಿಸಿದವರನ್ನು ಅಗೌರವ ತೋರಿದರೆಂದು ಯಾರೂ ಬಯ್ಯುವುದಿಲ್ಲ, ನಡೆಸಿದವರನ್ನು ಬಯ್ಯಬಹುದು.

ಆಟವೆಂದರೆ ಹಬ್ಬವೋ ದಿನಚರಿಯೋ ಎಂಬ ಪ್ರಶ್ನೆ ಇದರ ಬುಡದಲ್ಲಿದೆ. ಮನೆಯಲ್ಲಿ ಸಾವಾದರೆ ಮದುವೆ ಮುಂದೂಡುತ್ತೇವೆ, ಹಸುವಿನ ಹಾಲು ಕರೆಯುವುದನ್ನು ಮುಂದೂಡುವುದಿಲ್ಲ. ಫುಟ್ಬಾಲ್ ಮಂಡಳಿ ಆಟವನ್ನು ಮದುವೆಯ ಸಾಲಿಗೆ ಸೇರಿಸಿತು. ಆ ಶುಕ್ರವಾರ ಚಿತ್ರಮಂದಿರಗಳು, ಪಬ್‌ಗಳು, ಅಂಗಡಿಗಳು ತೆರೆದಿದ್ದವು. ಪಂದ್ಯ ತಪ್ಪಿದ ಜನ ಅಲ್ಲಿಗೆ ಹೋಗಿ ಕೂರಬಹುದಿತ್ತು. ಹಾಗಿರುವಾಗ ನಲವತ್ತು ಸಾವಿರ ಜನ ಒಟ್ಟಿಗೆ ಎದ್ದು ನಿಂತು ಮೌನ ಆಚರಿಸುವ ಜಾಗವನ್ನೇ ಮುಚ್ಚಿದ್ದು ಶೋಕಾಚರಣೆಗೆ ಏನನ್ನು ಸೇರಿಸಿತು ಎಂಬ ಪ್ರಶ್ನೆ ಬ್ರಿಟನ್ನಿನಲ್ಲೇ ಜೋರಾಗಿ ಎದ್ದಿತು, ಸರಿಯಾಗಿಯೇ ಎದ್ದಿತು.

ಓವಲ್ ತೋರಿಸಿದ ದಾರಿ

ಕ್ರಿಕೆಟ್ ಮಂಡಳಿಯ ತೀರ್ಮಾನ ನೋಡಿ. ಓವಲ್ ಟೆಸ್ಟಿನ ಮೊದಲ ದಿನ ಗುರುವಾರ, ಮಳೆಯಿಂದ ಒಂದು ಚೆಂಡೂ ಆಡಲಾಗಲಿಲ್ಲ. ಎರಡನೇ ದಿನ ಶೋಕಕ್ಕಾಗಿ ರದ್ದಾಯಿತು. ಹಾಗಾಗಿ ಆಟ ನಿಜವಾಗಿ ಶುರುವಾದದ್ದು ಮೂರನೇ ದಿನ, ಶನಿವಾರ. ಆಟಗಾರರು ಕಪ್ಪು ಪಟ್ಟಿ ಕಟ್ಟಿ ಸಾಲಾಗಿ ನಿಂತರು, ಇಡೀ ಮೈದಾನ ಮೌನವಾಗಿತ್ತು. ಆಮೇಲೆ ರಾಷ್ಟ್ರಗೀತೆ. ಏಳು ದಶಕಗಳ ಕಾಲ ಅದರಲ್ಲಿ ‘ರಾಣಿ’ ಎಂದು ಹಾಡುತ್ತಿದ್ದ ಜನ ಅಂದು ‘ರಾಜ’ ಎಂದು ಹಾಡಿದರು. ದೊರೆತನ ಒಬ್ಬರಿಂದ ಒಬ್ಬರಿಗೆ ದಾಟಿದ್ದನ್ನು ಸಾಮಾನ್ಯ ಜನ ತಮ್ಮ ಬಾಯಿಂದಲೇ ಹೇಳಿದ ಕ್ಷಣ ಅದು. ಅಂಥ ಕ್ಷಣ ಖಾಲಿ ಮೈದಾನದಲ್ಲಿ ಹುಟ್ಟುವುದಿಲ್ಲ. ಪಂದ್ಯ ಸೋಮವಾರ ಬೆಳಿಗ್ಗೆ ಮುಗಿಯಿತು, ಇಂಗ್ಲೆಂಡ್ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು.

ಅದೇ ಶನಿವಾರ ಸಂಜೆ ಚೆಸ್ಟರ್–ಲಿ–ಸ್ಟ್ರೀಟ್‌ನಲ್ಲಿ ಹರ್ಮನ್‌ಪ್ರೀತ್ ಕೌರ್ ನಾಯಕತ್ವದ ಭಾರತದ ಮಹಿಳಾ ತಂಡ ಇಂಗ್ಲೆಂಡಿನ ಎದುರು ಟಿ20 ಆಡಿತು. ಶುಕ್ರವಾರದ ಎರಡು ಪ್ರೀಮಿಯರ್‌ಶಿಪ್ ರಗ್ಬಿ ಪಂದ್ಯಗಳು ಶನಿವಾರ, ಭಾನುವಾರಕ್ಕೆ ಹೋದವು. ಗಾಲ್ಫ್ ಒಂದು ಸುತ್ತು ಕಳೆದುಕೊಂಡು 54 ಹೋಲ್‌ಗಳಿಗೆ ಮುಗಿಯಿತು. ಕುದುರೆ ಪಂದ್ಯ ರಾಣಿಯ ಸ್ವಂತ ಪ್ರೀತಿಯ ಆಟ, ಅವರ ಲಾಯದ ಕುದುರೆಗಳು ಅಲ್ಲಿ ಓಡುತ್ತಿದ್ದವು. ಹಾಗಾಗಿ ಅಲ್ಲಿ ಶನಿವಾರವನ್ನೂ ಬಿಟ್ಟು, ಡಾಂಕಾಸ್ಟರಿನ ಸೇಂಟ್ ಲೆಜರ್ ಪಂದ್ಯವನ್ನು ಭಾನುವಾರ ಓಡಿಸಿದರು. ಅದೇ ಭಾನುವಾರ 60,000 ಮಂದಿ ಹೆಸರು ಕೊಟ್ಟಿದ್ದ ಗ್ರೇಟ್ ನಾರ್ತ್ ರನ್ ಓಟವೂ ನಡೆಯಿತು. ಅಲ್ಲಿ ಓಡುವವರಲ್ಲಿ ಬಹಳ ಮಂದಿ ದತ್ತಿ ಸಂಸ್ಥೆಗಳಿಗೆ ಹಣ ಕೂಡಿಸುವವರು. ಓಟ ನಿಂತಿದ್ದರೆ ಪೆಟ್ಟು ಬೀಳುತ್ತಿದ್ದದ್ದು ಕ್ಯಾನ್ಸರ್ ಆಸ್ಪತ್ರೆಗೆ, ಅನಾಥಾಲಯಕ್ಕೆ.

ಇಷ್ಟರಲ್ಲಿ ಒಂದು ಪದ್ಧತಿ ಕಾಣುತ್ತದೆ: ಸುದ್ದಿ ಬಂದ ಮಾರನೆಯ ದಿನ ಬಿಡುವು, ಆಮೇಲೆ ಗೌರವದೊಂದಿಗೆ ಆಟ, ಅಂತ್ಯಕ್ರಿಯೆಯ ದಿನ ಮತ್ತೆ ಬಿಡುವು. ನಮ್ಮ ತಿಳಿವಳಿಕೆಯಲ್ಲಿ ಸರಿಯಾದ ಅಳತೆ ಇದೇ.

ಎರಡನೇ ವಾರ ಬೇರೆಯೇ ಕಥೆ

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಮೊದಲ ವಾರಾಂತ್ಯ ಫುಟ್ಬಾಲ್ ನಿಂತದ್ದು ಗೌರವಕ್ಕಾಗಿ. ಮುಂದಿನ ವಾರ ಕೆಲವು ಪಂದ್ಯಗಳು ನಿಂತದ್ದು ಪೊಲೀಸರಿಲ್ಲದೆ. ಎರಡನ್ನೂ ಒಂದೇ ಎಂದು ತಿಳಿದರೆ ಇಡೀ ಚರ್ಚೆ ದಾರಿ ತಪ್ಪುತ್ತದೆ.

ದೊಡ್ಡ ಪಂದ್ಯಕ್ಕೆ ಮೈದಾನ ಮತ್ತು ತಂಡ ಮಾತ್ರ ಇದ್ದರೆ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಕ್ರೀಡಾಂಗಣಕ್ಕೆ 1975ರ ಕಾಯ್ದೆಯಡಿ ಸ್ಥಳೀಯ ಆಡಳಿತ ಸುರಕ್ಷತಾ ಪ್ರಮಾಣಪತ್ರ ಕೊಡುತ್ತದೆ. ಎಷ್ಟು ಜನ ಒಳಗಿರಬಹುದು, ಅಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಎಷ್ಟು ವೈದ್ಯಕೀಯ ವ್ಯವಸ್ಥೆ ಎಂಬುದೆಲ್ಲ ಅದಕ್ಕೆ ಗಂಟುಬಿದ್ದಿರುತ್ತದೆ. ಮೈದಾನದ ಹೊರಗಿನ ರಸ್ತೆ, ರೈಲು ನಿಲ್ದಾಣ, ಎದುರಾಳಿ ಅಭಿಮಾನಿಗಳನ್ನು ಬೇರೆ ಬೇರೆ ದಾರಿಯಲ್ಲಿ ಕರೆತರುವುದು ಪೊಲೀಸರ ಕೆಲಸ. ಬೇಕಾದಷ್ಟು ಪೊಲೀಸರು ಸಿಗುವುದಿಲ್ಲವೆಂದರೆ ಕ್ಲಬ್ಬು ಎಷ್ಟು ಬಯಸಿದರೂ ಬಾಗಿಲು ತೆರೆಯುವಂತಿಲ್ಲ.

ಸೆಪ್ಟೆಂಬರ್ 14ರ ಸಂಜೆಯಿಂದ 19ರ ಬೆಳಗಿನ ಜಾವದವರೆಗೆ ರಾಣಿಯ ಪಾರ್ಥಿವ ಶರೀರ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿತ್ತು. ಸುಮಾರು ಎರಡೂವರೆ ಲಕ್ಷ ಜನ ಸರತಿಯಲ್ಲಿ ನಿಂತು ಅಂತಿಮ ದರ್ಶನ ಪಡೆದರು. ಜಗತ್ತಿನ ನೂರಾರು ಗಣ್ಯರು ಬಂದಿಳಿದರು. ಅಂತ್ಯಕ್ರಿಯೆಯ ಬಂದೋಬಸ್ತು ಲಂಡನ್ ಪೊಲೀಸರ ಇತಿಹಾಸದಲ್ಲೇ ಅತಿ ದೊಡ್ಡದು, 2012ರ ಒಲಿಂಪಿಕ್ಸ್‌ಗಿಂತಲೂ ದೊಡ್ಡದು. ಆ ದಿನ ಹತ್ತು ಸಾವಿರಕ್ಕೂ ಹೆಚ್ಚು ಅಧಿಕಾರಿಗಳು ಬೀದಿಯಲ್ಲಿದ್ದರು. ದೇಶದ ಬೇರೆ ಬೇರೆ ಠಾಣೆಗಳಿಂದ ಅವರನ್ನು ಕರೆಸಿದ್ದರಿಂದ ಕೊರತೆ ಲಂಡನ್ನಿಗಷ್ಟೇ ನಿಲ್ಲಲಿಲ್ಲ.

ಅದಕ್ಕೇ ಸೆಪ್ಟೆಂಬರ್ 18ರ ಚೆಲ್ಸಿ–ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್–ಲೀಡ್ಸ್ ಪಂದ್ಯಗಳು ಮುಂದಕ್ಕೆ ಹೋದವು. ಅಭಿಮಾನಿಗಳ ಹಳೆಯ ಹಗೆತನದಿಂದ ಹೆಚ್ಚು ಪೊಲೀಸ್ ಬೇಡುವ ಪಂದ್ಯಗಳವು. ಅದೇ ವಾರಾಂತ್ಯ ಲಂಡನ್ನಿನಲ್ಲೇ ಟಾಟನ್‌ಹ್ಯಾಮ್–ಲೆಸ್ಟರ್, ಬ್ರೆಂಟ್‌ಫರ್ಡ್–ಆರ್ಸೆನಲ್ ಪಂದ್ಯಗಳು ನಡೆದವು. ಅಂದರೆ ಪ್ರತಿ ಪಂದ್ಯವನ್ನೂ ಅದಕ್ಕೆ ಎಷ್ಟು ಮಂದಿ ಪೊಲೀಸರು ಬೇಕು ಎಂದು ತೂಗಿ ನೋಡಿದ್ದರು. ಒಟ್ಟು ಹತ್ತರಲ್ಲಿ ಏಳು ನಡೆದವು. ಮೂರನೆಯದಾಗಿ ನಿಂತ ಬ್ರೈಟನ್–ಕ್ರಿಸ್ಟಲ್ ಪ್ಯಾಲೆಸ್ ಪಂದ್ಯದ್ದು ವಿಚಿತ್ರ. ಅದನ್ನು ಮೊದಲೇ ರೈಲ್ವೆ ಮುಷ್ಕರದ ಕಾರಣ ಮುಂದೂಡಿದ್ದರು. ರಾಣಿಯ ನಿಧನದಿಂದ ಮುಷ್ಕರವೇ ರದ್ದಾಯಿತು, ಆದರೆ ಪಂದ್ಯ ಹಿಂದಕ್ಕೆ ಬರಲಿಲ್ಲ.

ಸ್ಕಾಟ್ಲೆಂಡಿನಲ್ಲಿ ರೇಂಜರ್ಸ್–ನಾಪೊಲಿ ಚಾಂಪಿಯನ್ಸ್ ಲೀಗ್ ಪಂದ್ಯ ಮಂಗಳವಾರದಿಂದ ಬುಧವಾರಕ್ಕೆ ಸರಿಯಿತು. ಇಟಲಿಯ ಅಭಿಮಾನಿಗಳಿಗೆ ಪ್ರವೇಶ ಸಿಗಲಿಲ್ಲ. ನ್ಯಾಯ ಸಮವಾಗಿರಲೆಂದು, ಆಮೇಲೆ ನಾಪೊಲಿಯ ತವರಿನಲ್ಲಿ ನಡೆದ ಪಂದ್ಯಕ್ಕೆ ರೇಂಜರ್ಸ್ ಅಭಿಮಾನಿಗಳನ್ನೂ ಬಿಡಲಿಲ್ಲ. ಬ್ರಿಟನ್ ಸೈಕಲ್ ಪ್ರವಾಸ ಪಂದ್ಯದ ಗತಿಯೂ ಅದೇ. ಅಲ್ಲಿ ಸವಾರರ ಹಿಂದೆ ಮುಂದೆ ಪೊಲೀಸ್ ಮೋಟರ್‌ಬೈಕುಗಳು ಓಡುತ್ತ ರಸ್ತೆಯನ್ನು ಹಂತ ಹಂತವಾಗಿ ಮುಚ್ಚಿ ತೆರೆಯುತ್ತವೆ. ಅವು ಸಿಗದಿದ್ದ ಮೇಲೆ ಎಂಟು ಹಂತಗಳಲ್ಲಿ ಐದಕ್ಕೇ ಪಂದ್ಯ ಮುಗಿಯಿತು, ಆಗ ಮುಂದಿದ್ದ ಗೊನ್ಸಾಲೊ ಸೆರಾನೊ ವಿಜೇತರಾದರು.

ಇಂಥ ಮುಂದೂಡಿಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ತಕರಾರು ಇರುವುದು ಪೊಲೀಸರ ಅಗತ್ಯವೇ ಇಲ್ಲದ ಪಂದ್ಯಗಳ ಬಗ್ಗೆ. ಹಳ್ಳಿಯ ಮೈದಾನದಲ್ಲಿ ಹತ್ತು ವರ್ಷದ ಮಕ್ಕಳು ಭಾನುವಾರ ಬೆಳಿಗ್ಗೆ ಆಡುವ ಆಟಕ್ಕೆ ಒಬ್ಬ ರೆಫರಿ, ಎರಡು ಗೋಲು ಕಂಬ, ನಾಲ್ಕಾರು ತಂದೆತಾಯಿ ಸಾಕು. ಅದನ್ನು ಮೇಲಿನಿಂದ ನಿಲ್ಲಿಸಿದ್ದು ಆ ಹನ್ನೊಂದು ದಿನಗಳ ಅತಿ ದೊಡ್ಡ ತಪ್ಪು ಎಂದು ನಾವು ತಿಳಿಯುತ್ತೇವೆ. ಮಧ್ಯದ ವೃತ್ತದ ಸುತ್ತ ಒಂದು ನಿಮಿಷ ನಿಲ್ಲಿಸಿದ್ದರೆ ಆ ಮಕ್ಕಳಿಗೆ ಅದು ಜೀವನಪೂರ್ತಿ ನೆನಪಿರುತ್ತಿತ್ತು. ಮನೆಯಲ್ಲಿ ಕೂರಿಸಿದ್ದರಿಂದ ಅವರು ಕಲಿತದ್ದು ಏನೂ ಇಲ್ಲ.

ಮುಂದೂಡಿದ ಪಂದ್ಯ ಎಲ್ಲಿಗೆ ಹೋಗುತ್ತದೆ

‘ಮುಂದೂಡಿದೆ’ ಎನ್ನುವುದು ಸುಲಭ, ಖಾಲಿ ದಿನ ಹುಡುಕುವುದು ಕಷ್ಟ. 2022–23ರ ಋತುವಿನಲ್ಲಿ ಅದು ಇನ್ನೂ ಕಷ್ಟವಾಗಿತ್ತು. ನವೆಂಬರ್ 20ರಂದು ಕತಾರ್ ವಿಶ್ವಕಪ್ ಶುರು, ಅದಕ್ಕಾಗಿ ಲೀಗ್ ನವೆಂಬರ್ ಮಧ್ಯದಲ್ಲೇ ನಿಂತು ಡಿಸೆಂಬರ್ ಕೊನೆಯಲ್ಲಿ ಮತ್ತೆ ಆರಂಭ. ವಾರದ ನಡುವಿನ ದಿನಗಳು ಯುರೋಪಿನ ಪಂದ್ಯಗಳಿಗೆ ಮೀಸಲು.

ಒಂದು ಎಳೆ ಹಿಡಿದು ನೋಡೋಣ. ಸೆಪ್ಟೆಂಬರ್ 15ರ ಆರ್ಸೆನಲ್–ಪಿಎಸ್‌ವಿ ಯುರೋಪಾ ಲೀಗ್ ಪಂದ್ಯ ಪೊಲೀಸರ ಕೊರತೆಯಿಂದ ನಿಂತಿತು. ಅದಕ್ಕೆ ಸಿಕ್ಕ ಹೊಸ ದಿನ ಅಕ್ಟೋಬರ್ 20. ಆದರೆ ಅದರ ಹಿಂದಿನ ದಿನ ಆರ್ಸೆನಲ್ಲಿಗೆ ಮ್ಯಾಂಚೆಸ್ಟರ್ ಸಿಟಿಯ ಜೊತೆ ಲೀಗ್ ಪಂದ್ಯವಿತ್ತು. ಅದನ್ನು ಎತ್ತಿ 2023ರ ಫೆಬ್ರುವರಿ 15ಕ್ಕೆ ಇಟ್ಟರು. ಪ್ರಶಸ್ತಿಗೆ ಹೋರಾಡುತ್ತಿದ್ದ ಎರಡು ತಂಡಗಳು ಹೀಗೆ ನಾಲ್ಕು ತಿಂಗಳು ತಡವಾಗಿ ಎದುರಾದವು, ಸಿಟಿ 3–1ರಿಂದ ಗೆದ್ದಿತು. ಅಕ್ಟೋಬರಿನಲ್ಲಿ ಆಡಿದ್ದರೆ ಫಲಿತಾಂಶ ಹೀಗೇ ಇರುತ್ತಿತ್ತೆ ಎಂದು ಯಾರೂ ಹೇಳಲಾರರು. ಚೆಲ್ಸಿ–ಲಿವರ್‌ಪೂಲ್ ಪಂದ್ಯ ನಡೆದದ್ದು ಏಪ್ರಿಲ್ 4ಕ್ಕೆ. ಸೆಪ್ಟೆಂಬರ್ 8ರಂದೇ, ರಾಣಿ ತೀರಿಕೊಂಡ ದಿನವೇ, ಚೆಲ್ಸಿಗೆ ತರಬೇತುದಾರರಾಗಿ ಬಂದ ಗ್ರಹಾಂ ಪಾಟರ್ ಅಷ್ಟರಲ್ಲಿ ಕೆಲಸ ಕಳೆದುಕೊಂಡು ಎರಡು ದಿನವಾಗಿತ್ತು. ಲೀಡ್ಸ್ ತಂಡವೂ ಫೆಬ್ರುವರಿ 8ರಂದು ಓಲ್ಡ್ ಟ್ರಾಫರ್ಡ್‌ಗೆ ಬಂದಾಗ ಅದರ ತರಬೇತುದಾರರನ್ನು ತೆಗೆದು ಎರಡೇ ದಿನ. ಪಂದ್ಯ ಮುಂದೂಡಿದರೆ ಬದಲಾಗುವುದು ತಾರೀಖು ಮಾತ್ರವಲ್ಲ. ಎದುರಾಳಿ ತಂಡ, ಗಾಯಾಳುಗಳ ಪಟ್ಟಿ, ಆಟಗಾರರ ಕಾಲಿನ ದಣಿವು, ಎಲ್ಲವೂ ಬದಲಾಗುತ್ತವೆ.

ಹಣದ ಮಾತೂ ಇದೆ. ಪ್ರೀಮಿಯರ್ ಲೀಗ್ ಕ್ಲಬ್ಬಿಗೆ ಟಿವಿ ಹಣ ಇರುವುದರಿಂದ ಒಂದು ಶನಿವಾರ ಹೋದರೆ ತಡೆದುಕೊಳ್ಳುತ್ತದೆ. ಕೆಳಗಿನ ಹಂತದ ಕ್ಲಬ್ಬಿಗೆ ಎರಡು ವಾರಕ್ಕೊಮ್ಮೆ ಬರುವ ತವರು ಪಂದ್ಯದ ಗೇಟ್ ಹಣವೇ ಸಂಬಳ. ತಯಾರಾದ ಅಡುಗೆ ಕೆಡುತ್ತದೆ, ಅಚ್ಚಾದ ಪಂದ್ಯಪುಸ್ತಿಕೆ ರದ್ದಿಗೆ ಹೋಗುತ್ತದೆ. ಗೇಟಿನಲ್ಲಿ ನಿಲ್ಲುವವರು, ತಿಂಡಿ ಮಾರುವವರು, ಶುಚಿ ಮಾಡುವವರು ದಿನಗೂಲಿಯವರು. ಪಂದ್ಯ ಮತ್ತೆ ನಡೆದಾಗ ಕ್ಲಬ್ಬಿಗೆ ಆದಾಯ ಮರಳಿ ಬರಬಹುದು, ಆದರೆ ಆ ಶನಿವಾರದ ಕೂಲಿ ಅವರಿಗೆ ಮರಳುವುದಿಲ್ಲ.

ವಿಮೆ ಇದೆಯಲ್ಲ ಎನ್ನಬಹುದು. ಕಾರ್ಯಕ್ರಮ ರದ್ದತಿಯ ವಿಮೆ ಸಾಮಾನ್ಯವಾಗಿ ಸಂಘಟಕರ ಕೈಮೀರಿದ ಕಾರಣಕ್ಕೆ ಮಾತ್ರ ಹಣ ಕೊಡುತ್ತದೆ. ಸರ್ಕಾರವೇ ‘ಬಾಧ್ಯತೆ ಇಲ್ಲ’ ಎಂದಾಗ ರದ್ದತಿ ಸ್ವಇಚ್ಛೆಯದಾಗಿಬಿಡುತ್ತದೆ. ರಾಷ್ಟ್ರೀಯ ಶೋಕಕ್ಕೆ ಬೇರೆಯೇ ಷರತ್ತು ಸೇರಿಸಿಕೊಂಡಿರಬೇಕು. ಅದರಲ್ಲೂ ನಿಗದಿತ ವಯಸ್ಸು ದಾಟಿದ ರಾಜಮನೆತನದವರನ್ನು ಹೊರಗಿಡುವ ಪಾಲಿಸಿಗಳಿರುತ್ತವೆ. ಪಾಲಿಸಿಯ ಆ ಪುಟ ಓದದೆ ರದ್ದು ಮಾಡಿದವರು ನಷ್ಟವನ್ನು ತಮ್ಮ ಜೇಬಿನಿಂದಲೇ ತುಂಬಬೇಕು.

ಹಿಂದೆ ಹೇಗಿತ್ತು

ಇಷ್ಟೊಂದು ನಿಲ್ಲಿಸುವುದು ಬ್ರಿಟನ್ನಿನ ಹಳೆಯ ಸಂಪ್ರದಾಯವೇನಲ್ಲ. ಏಳನೇ ಎಡ್ವರ್ಡ್ 1910ರ ಮೇ 6ರಂದು ತೀರಿಕೊಂಡಾಗ ಮುಂದಿನ ತಿಂಗಳ ಅಸ್ಕಾಟ್ ಕುದುರೆ ಪಂದ್ಯ ರದ್ದಾಗಲಿಲ್ಲ. ಬಂದವರೆಲ್ಲ ತಲೆಯಿಂದ ಕಾಲಿನವರೆಗೆ ಕಪ್ಪು ತೊಟ್ಟು ಬಂದರು. ‘ಕಪ್ಪು ಅಸ್ಕಾಟ್’ ಎಂದೇ ಅದು ಇತಿಹಾಸದಲ್ಲಿ ಉಳಿದಿದೆ. ಆರನೇ ಜಾರ್ಜ್ 1952ರ ಫೆಬ್ರುವರಿ 6ರ ಬುಧವಾರ ತೀರಿಕೊಂಡರು. ಅಂತ್ಯಕ್ರಿಯೆ 15ಕ್ಕೆ. ನಡುವಿನ ಶನಿವಾರ, 9ನೇ ತಾರೀಖು, ಫುಟ್ಬಾಲ್ ಲೀಗ್ ಪಂದ್ಯಗಳು ನಡೆದವು. ಜನ ಪ್ರಾರ್ಥನಾ ಗೀತೆ ಹಾಡಿ ಆಟ ನೋಡಿದರು. ಅದೇ ದಿನದ ಇಂಗ್ಲೆಂಡ್–ಐರ್ಲೆಂಡ್ ರಗ್ಬಿ ಮಾರ್ಚ್ ಕೊನೆಗೆ ಹೋಯಿತು. 2022ರಲ್ಲಿ ಆದದ್ದಕ್ಕೆ ಸರಿಯಾಗಿ ತಿರುವುಮುರುವು.

ಆ 1952ರ ಫೆಬ್ರುವರಿ 6 ನಮಗೂ ಸಂಬಂಧಿಸಿದ ದಿನ. ಮದರಾಸಿನ ಚೆಪಾಕ್‌ನಲ್ಲಿ ಭಾರತ–ಇಂಗ್ಲೆಂಡ್ ಐದನೇ ಟೆಸ್ಟ್ ಅಂದೇ ಶುರುವಾಗಿತ್ತು. ಮೊದಲ ದಿನವೇ ಸಾವಿನ ಸುದ್ದಿ ಬಂತು. ಭಾರತ ಆಗಲೇ ಗಣರಾಜ್ಯ, ಜಾರ್ಜ್ ನಮ್ಮ ದೊರೆಯಲ್ಲ. ಎದುರು ತಂಡದ ದೊರೆ ಅಷ್ಟೆ. ಸಂಘಟಕರು ಮಾಡಿದ್ದು ಸರಳ ಮತ್ತು ಸೊಗಸಾದ ಕೆಲಸ: ಆಗಿನ ಟೆಸ್ಟುಗಳಲ್ಲಿ ಒಂದು ವಿಶ್ರಾಂತಿ ದಿನ ಇರುತ್ತಿತ್ತು, ಅದನ್ನು ಮುಂಚೆಯೇ ತಂದು ಫೆಬ್ರುವರಿ 7ಕ್ಕೆ ಇಟ್ಟರು. ಗೌರವವೂ ಸಂದಿತು, ಆಟದ ದಿನ ಒಂದೂ ಹೋಗಲಿಲ್ಲ. 8ರಂದು ಆಟ ಮತ್ತೆ ಆರಂಭವಾಯಿತು. ವಿನೂ ಮಂಕಡ್ ಮೊದಲ ಇನಿಂಗ್ಸ್‌ನಲ್ಲಿ 55 ರನ್ನಿಗೆ 8, ಎರಡನೆಯದರಲ್ಲಿ 53ಕ್ಕೆ 4 ವಿಕೆಟ್ ತೆಗೆದರು. ಪಂಕಜ್ ರಾಯ್, ಪಾಲಿ ಉಮ್ರಿಗರ್ ಶತಕ ಹೊಡೆದರು. ವಿಜಯ್ ಹಜಾರೆಯವರ ತಂಡ ಇನಿಂಗ್ಸ್ ಮತ್ತು 8 ರನ್ನಿನಿಂದ ಗೆದ್ದಿತು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಭಾರತದ ಮೊಟ್ಟಮೊದಲ ಗೆಲುವು ಅದು. ಪಂದ್ಯ ಕೈಬಿಟ್ಟಿದ್ದರೆ ನಮ್ಮ ಕ್ರಿಕೆಟ್ ಚರಿತ್ರೆಯ ಮೊದಲ ಗೆಲುವಿನ ಪುಟ ಬೇರೆಯೇ ಇರುತ್ತಿತ್ತು.

ಬ್ರಿಟನ್ನಿನ ಮನೋಭಾವ ಬದಲಾದದ್ದು 1997ರಲ್ಲಿ ಎನ್ನಿಸುತ್ತದೆ. ಡಯಾನಾ ರಾಣಿಯಲ್ಲ, ಆದರೂ ಅವರ ಅಂತ್ಯಕ್ರಿಯೆಯ ದಿನವಾದ ಸೆಪ್ಟೆಂಬರ್ 6ರಂದು ಆಟ ನಡೆಸುವ ಮಾತೇ ಜನರಿಗೆ ಸಹ್ಯವಾಗಲಿಲ್ಲ. ಬೆಲಾರೂಸ್ ಎದುರಿನ ವಿಶ್ವಕಪ್ ಅರ್ಹತಾ ಪಂದ್ಯವನ್ನು ಅದೇ ದಿನ ಆಡಿಸಲು ಸ್ಕಾಟ್ಲೆಂಡಿನ ಮಂಡಳಿ ಹಟ ಹಿಡಿದಾಗ ಕೆಲವು ಆಟಗಾರರೇ ಆಡುವುದಿಲ್ಲ ಎಂದರು. ಪಂದ್ಯ ಮಾರನೆಯ ದಿನಕ್ಕೆ ಹೋಯಿತು. ಅಂತ್ಯಕ್ರಿಯೆಯ ಹೊತ್ತಿಗೆ ಆಟ ಬೇಡ ಎಂಬ ಗೆರೆ ಅಲ್ಲಿ ಗಟ್ಟಿಯಾಯಿತು. 2021ರ ಏಪ್ರಿಲ್‌ನಲ್ಲಿ ರಾಜಕುಮಾರ ಫಿಲಿಪ್ ತೀರಿಕೊಂಡಾಗ ಆ ಗೆರೆಯನ್ನು ನಾಜೂಕಾಗಿ ಪಾಲಿಸಿದರು. ಸಾವಿನ ಮಾರನೆಯ ದಿನ ಗ್ರ್ಯಾಂಡ್ ನ್ಯಾಷನಲ್ ಕುದುರೆ ಪಂದ್ಯ ಮೌನಾಚರಣೆಯೊಂದಿಗೆ ನಡೆಯಿತು, 17ರ ಮಧ್ಯಾಹ್ನ ಮೂರರ ಅಂತ್ಯಕ್ರಿಯೆಗೆ ತಾಗದಂತೆ ಫುಟ್ಬಾಲ್ ಪಂದ್ಯಗಳ ಸಮಯ ಸರಿಯಿತು.

ಥಾಯ್ಲೆಂಡ್: ಋತುವನ್ನೇ ಮುಗಿಸಿದ ಶೋಕ

ಇನ್ನೊಂದು ತುದಿ ನೋಡಬೇಕೆಂದರೆ ಥಾಯ್ಲೆಂಡಿಗೆ ಹೋಗಬೇಕು. ಏಳು ದಶಕ ಆಳಿದ ಭೂಮಿಬೋಲ್ ದೊರೆ 2016ರ ಅಕ್ಟೋಬರ್ 13ರಂದು ತೀರಿಕೊಂಡರು. ಸರ್ಕಾರಿ ನೌಕರರಿಗೆ ಒಂದು ವರ್ಷದ ಶೋಕ, ಜನರಿಗೆ 30 ದಿನ ಮನರಂಜನೆಯಿಂದ ದೂರ ಇರಲು ಕೋರಿಕೆ. ಅಲ್ಲಿನ ದುಃಖ ನಿಜವಾದದ್ದು, ಆಳವಾದದ್ದು. ಅದನ್ನು ಹೊರಗಿನವರು ಅಳೆಯಬಾರದು.

ಆದರೆ ಮಾರನೆಯ ದಿನವೇ ಫುಟ್ಬಾಲ್ ಸಂಸ್ಥೆ ಇಡೀ ಲೀಗನ್ನು ಅಲ್ಲಿಗೇ ಮುಕ್ತಾಯ ಮಾಡಿತು. ಮೂರು ಸುತ್ತು ಬಾಕಿ ಇದ್ದವು. ಮುಂದಿದ್ದ ಮುವಾಂಗ್‌ಥಾಂಗ್ ಯುನೈಟೆಡ್‌ಗೂ ಎರಡನೇ ಸ್ಥಾನದ ಬ್ಯಾಂಕಾಕ್ ಯುನೈಟೆಡ್‌ಗೂ ಐದು ಅಂಕಗಳ ಅಂತರ, ಆಡಲು ಉಳಿದಿದ್ದವು ಒಂಬತ್ತು ಅಂಕ. ಮುವಾಂಗ್‌ಥಾಂಗ್ ಚಾಂಪಿಯನ್ ಎಂದು ಘೋಷಣೆಯಾಯಿತು. ಕೊನೆಯ ಮೂರು ತಂಡಗಳು ಉಳಿಯುವ ಅವಕಾಶವಿಲ್ಲದೆ ಕೆಳಗಿನ ದರ್ಜೆಗೆ ಇಳಿದವು. ಎಫ್ಎ ಕಪ್ಪನ್ನು ಸೆಮಿಫೈನಲ್ ತಲುಪಿದ್ದ ನಾಲ್ಕು ತಂಡಗಳೂ ಹಂಚಿಕೊಂಡವು. ಅದರ ಮೂಲಕ ಸಿಗಬೇಕಿದ್ದ ಏಷ್ಯಾ ಚಾಂಪಿಯನ್ಸ್ ಲೀಗ್ ಸ್ಥಾನಕ್ಕೆ ಚೀಟಿ ಎತ್ತಿದರು, ಅದು ಸುಖೋಥಾಯ್ ಪಾಲಾಯಿತು. ಆಟಗಾರನ ಕೆಲಸ, ಕ್ಲಬ್ಬಿನ ಮುಂದಿನ ವರ್ಷದ ಆದಾಯ ಚೀಟಿಯಿಂದ ತೀರ್ಮಾನವಾದದ್ದು ಕಷ್ಟದ ಮಾತು. ನಾಲ್ಕೈದು ವಾರ ಕಾದು ಆ ಮೂರು ಸುತ್ತು ಆಡಿಸಿದ್ದರೆ ಶೋಕಕ್ಕೆ ಕುಂದು ಬರುತ್ತಿರಲಿಲ್ಲ.

ಏಕೆಂದರೆ ಅದೇ ದೇಶ ಒಂದು ತಿಂಗಳ ನಂತರ ದಾರಿ ತೋರಿಸಿತು. ನವೆಂಬರ್ 15ರಂದು ಬ್ಯಾಂಕಾಕಿನ ರಾಜಮಂಗಲ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ಎದುರು ವಿಶ್ವಕಪ್ ಅರ್ಹತಾ ಪಂದ್ಯ ನಡೆಯಿತು. ಜನ ಕಪ್ಪು ಬಟ್ಟೆಯಲ್ಲಿ ಬಂದರು, ಆಸ್ಟ್ರೇಲಿಯಾದ ಅಭಿಮಾನಿಗಳಿಗೂ ಸಭ್ಯ ಉಡುಪು, ಸಂಯಮದ ವರ್ತನೆಯ ಸೂಚನೆ ಹೋಗಿತ್ತು. ಪಂದ್ಯ 2–2 ಸಮವಾಯಿತು.

ಜಪಾನಿನದು ಅಳತೆಯ ಕ್ರಮ. ಹಿರೋಹಿತೊ ಚಕ್ರವರ್ತಿ 1989ರ ಜನವರಿ 7ರಂದು ತೀರಿಕೊಂಡಾಗ ಮಾರನೆಯ ದಿನ ಆರಂಭವಾಗಬೇಕಿದ್ದ ಸುಮೊ ಪಂದ್ಯಾವಳಿಯನ್ನು ಒಂದೇ ಒಂದು ದಿನ ತಡಮಾಡಿದರು. ಆದರೆ ಸಾವಿನ ದಿನವೇ ಇದ್ದ ಪ್ರೌಢಶಾಲಾ ರಗ್ಬಿ ಫೈನಲ್ ನಡೆಯಲೇ ಇಲ್ಲ, ಎರಡೂ ಶಾಲೆಗಳನ್ನು ವಿಜೇತರೆಂದರು. ಸೌದಿ ಅರೇಬಿಯಾದಲ್ಲಿ ಇಂಥ ಪ್ರಶ್ನೆಗೇ ಜಾಗ ಕಡಿಮೆ. 2015ರಲ್ಲಿ ಅಬ್ದುಲ್ಲಾ ದೊರೆಯನ್ನು ತೀರಿಕೊಂಡ ದಿನವೇ ಗುರುತಿನ ಕಲ್ಲಿನ ವೈಭವವಿಲ್ಲದೆ ಮಣ್ಣು ಮಾಡಿದರು. ಧ್ವಜದಲ್ಲಿ ದೇವರ ನಾಮ ಇರುವುದರಿಂದ ಅದನ್ನು ಅರ್ಧಕ್ಕೆ ಇಳಿಸುವುದೂ ಇಲ್ಲ. ಪಕ್ಕದ ಯುಎಇಯಲ್ಲಿ 2022ರ ಮೇ ತಿಂಗಳಲ್ಲಿ ಶೇಖ್ ಖಲೀಫಾ ತೀರಿಕೊಂಡಾಗ 40 ದಿನ ಶೋಕ, ಸರ್ಕಾರಿ ಮತ್ತು ಖಾಸಗಿ ಕೆಲಸಗಳಿಗೆ ಮೂರು ದಿನ ಬಿಡುವು. ದುಬೈ, ಅಬುಧಾಬಿಗಳಲ್ಲಿ ಪಂದ್ಯಾವಳಿ ನಡೆಸುವ ಕನ್ನಡ ಸಂಘಗಳು ನೆನಪಿಡಬೇಕಾದ ವ್ಯತ್ಯಾಸ ಇದು: ಬ್ರಿಟನ್ನಿನಲ್ಲಿ ಇದ್ದದ್ದು ಸಲಹೆ, ಗಲ್ಫ್‌ನಲ್ಲಿ ಬರುವುದು ಆದೇಶ.

ನಡೆಸುವುದಾದರೆ ಹೇಗೆ

ಪ್ರೇಕ್ಷಕರು ಆಗಲೇ ಒಳಗಿದ್ದರೆ, ಅಥವಾ ಆಟಕ್ಕೆ ಎರಡು ಗಂಟೆಗಿಂತ ಕಡಿಮೆ ಉಳಿದಿದ್ದರೆ, ನಡೆಸುವುದೇ ಸುರಕ್ಷಿತ. ಹಠಾತ್ತಾಗಿ ಹೊರಗೆ ಕಳಿಸಿದ ಸಾವಿರಾರು ಜನಕ್ಕೆ ರೈಲು, ಬಸ್ಸು ಸಿದ್ಧವಿರುವುದಿಲ್ಲ, ಹೊರಬಾಗಿಲಲ್ಲಿ ನೂಕುನುಗ್ಗಲು ಆಗುವುದು ಹಾಗೆಯೇ. ಓಲ್ಡ್ ಟ್ರಾಫರ್ಡ್‌ನ ಆ ಗುರುವಾರದ ಪಂದ್ಯ ನಡೆದದ್ದು ಸರಿ ಎನ್ನಲು ಇದೂ ಒಂದು ಕಾರಣ.

ಮಾರನೆಯ ದಿನದಿಂದ ಕೇಳಬೇಕಾದ ಮೊದಲ ಪ್ರಶ್ನೆ ಪೊಲೀಸ್ ಮತ್ತು ಆಂಬುಲೆನ್ಸ್ ಸಿಗುತ್ತದೆಯೇ ಎಂಬುದು. ಅದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಚರ್ಚೆ ಮುಗಿಯಿತು. ಎರಡನೆಯದು, ಅಂತ್ಯಕ್ರಿಯೆಯ ದಿನ, ಗಂಟೆ, ದಾರಿ. ಮೂರನೆಯದು, ಮುಂದೂಡಿದರೆ ಇಡಲು ಖಾಲಿ ದಿನ ಇದೆಯೇ. ಆ ದಿನವನ್ನು ಮೊದಲು ಹಿಡಿದಿಟ್ಟುಕೊಂಡು ಆಮೇಲೆ ಪ್ರಕಟಣೆ ಕೊಡಬೇಕು. ಟಿಕೆಟ್ ಹೊಸ ದಿನಕ್ಕೂ ನಡೆಯುತ್ತದೆಯೋ, ಹಣ ವಾಪಸೋ, ಎಂದಿನವರೆಗೆ ಕೇಳಬಹುದು, ಇಷ್ಟೂ ಅದೇ ಪ್ರಕಟಣೆಯಲ್ಲಿರಲಿ. ದೂರದಿಂದ ರೈಲು ಹತ್ತುವವರಿಗೆ ಹಿಂದಿನ ಮಧ್ಯಾಹ್ನದೊಳಗೆ ತಿಳಿಯಬೇಕು.

ಮೌನಾಚರಣೆ ಕೆಡುವುದು ಬಹುತೇಕ ಸಿದ್ಧತೆ ಇಲ್ಲದೆ. ಮೈಕಿನಲ್ಲಿ ಎರಡು ಸಲ ಮುಂಚಿತವಾಗಿ ಹೇಳಬೇಕು, ಸಂಗೀತವನ್ನೂ ಪರದೆಯ ಜಾಹೀರಾತನ್ನೂ ಐದು ನಿಮಿಷ ಮೊದಲೇ ನಿಲ್ಲಿಸಬೇಕು, ಗ್ಯಾಲರಿಯ ಹಿಂದಿನ ಮಳಿಗೆಗಳಲ್ಲಿ ಮಾರಾಟ ತಡೆಯಬೇಕು, ತಡವಾಗಿ ಬಂದವರನ್ನು ಆ ನಿಮಿಷ ಬಾಗಿಲಲ್ಲೇ ನಿಲ್ಲಿಸಬೇಕು. ಆರಂಭಕ್ಕೂ ಕೊನೆಗೂ ರೆಫರಿಯ ಸೀಟಿ ಸ್ಪಷ್ಟವಾಗಿ ಕೇಳಬೇಕು. ಎಲ್ಲಿ ಮುಗಿಯಿತೆಂದು ಗೊತ್ತಾಗದ ಜನ ಅರ್ಧಕ್ಕೇ ಚಪ್ಪಾಳೆ ಶುರುಮಾಡುತ್ತಾರೆ.

ಎಲ್ಲರೂ ದೊರೆಯನ್ನು ಪ್ರೀತಿಸುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೆಪ್ಟೆಂಬರ್ 8ರ ರಾತ್ರಿ ಎಡಿನ್‌ಬರೋದ ಟೈನ್‌ಕ್ಯಾಸಲ್ ಮೈದಾನದಲ್ಲಿ ಕೆಲವರು ಮೌನವನ್ನು ಮುರಿದರು. ಆಸ್ಟ್ರೇಲಿಯಾದ್ದೇ ಬಗೆಯ ಫುಟ್ಬಾಲ್ ಆಡುವ ಅಲ್ಲಿನ ಮಹಿಳಾ ಲೀಗಿನಲ್ಲಿ ಆ ವಾರದ್ದು ಮೂಲನಿವಾಸಿಗಳನ್ನು ಗೌರವಿಸುವ ಸುತ್ತು. ಕಿರೀಟದ ಹೆಸರಿನಲ್ಲಿ ನೆಲ ಕಳೆದುಕೊಂಡವರ ಹಬ್ಬದಲ್ಲಿ ಕಿರೀಟಕ್ಕೆ ಮೌನ ಸರಿಯೆ ಎಂಬ ಆಕ್ಷೇಪ ಬಂದು, ಮೊದಲ ಪಂದ್ಯದ ನಂತರ ಮೌನಾಚರಣೆಯನ್ನು ಕೈಬಿಟ್ಟರು. ಇದಕ್ಕೆ ಹೆದರಿ ಪಂದ್ಯವನ್ನೇ ರದ್ದು ಮಾಡುವುದು ಪರಿಹಾರವಲ್ಲ. ಮೌನ ಚಿಕ್ಕದಿರಲಿ. ಪ್ರೀಮಿಯರ್ ಲೀಗ್ ಎರಡನೇ ವಾರ 70 ವರ್ಷದ ಆಳ್ವಿಕೆಗಾಗಿ 70ನೇ ನಿಮಿಷದಲ್ಲಿ ಚಪ್ಪಾಳೆಗೆ ಕರೆ ಕೊಟ್ಟಂತೆ, ಬೇಕಾದವರು ಸೇರುವ ಗೌರವವನ್ನು ಆರಿಸಬಹುದು.

ನಮ್ಮಲ್ಲಿ

ಎಲಿಜಬೆತ್ ನಿಧನಕ್ಕೆ ಭಾರತ ಸರ್ಕಾರ 2022ರ ಸೆಪ್ಟೆಂಬರ್ 11ರಂದು ಒಂದು ದಿನದ ಶೋಕ ಘೋಷಿಸಿತ್ತು. ಆದೇಶದಲ್ಲಿದ್ದದ್ದು ಎರಡು: ಧ್ವಜ ಅರ್ಧಕ್ಕೆ, ಸರ್ಕಾರಿ ಮನರಂಜನೆ ಇಲ್ಲ. ಖಾಸಗಿ ಸಂಸ್ಥೆಯ ಪಂದ್ಯ ಆ ಮಾತಿನೊಳಗೆ ಬರುವುದಿಲ್ಲ. ಲತಾ ಮಂಗೇಶ್ಕರ್ ತೀರಿಕೊಂಡ 2022ರ ಫೆಬ್ರುವರಿ 6ರಂದೇ ಅಹಮದಾಬಾದಿನಲ್ಲಿ ಭಾರತ ತನ್ನ ಸಾವಿರದ ಏಕದಿನ ಪಂದ್ಯವನ್ನು ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದ್ದು ಹಾಗೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯ ಸುದ್ದಿ ಬಂದಾಗ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಭಾರತ ಆಡುತ್ತಿದ್ದ ಏಕದಿನ ಪಂದ್ಯ ಅರ್ಧಕ್ಕೇ ನಿಂತು ಪ್ರವಾಸವೇ ಮುಗಿದದ್ದು ಬೇರೆ ಮಾತು. ಅದು ಪ್ರಧಾನಿಯ ಕೊಲೆ, ತಂಡ ಪರದೇಶದಲ್ಲಿತ್ತು.

ಕರ್ನಾಟಕದಲ್ಲಿ ರಾಜ್ಯ ಶೋಕ ಘೋಷಣೆಯಾದಾಗ ತಾಲ್ಲೂಕು, ಜಿಲ್ಲಾ ಮಟ್ಟದ ಕಬಡ್ಡಿ, ಕ್ರಿಕೆಟ್ ಪಂದ್ಯಾವಳಿಯ ಸಂಘಟಕರು ಮೊದಲು ಆದೇಶದ ಪ್ರತಿ ತರಿಸಿ ಓದಬೇಕು. ಪಂದ್ಯಾವಳಿ ಸರ್ಕಾರದ್ದೋ ಖಾಸಗಿಯೋ ನೋಡಬೇಕು. ಮೈದಾನ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದಾದರೆ ಅನುಮತಿ ಇನ್ನೂ ಊರ್ಜಿತವಿದೆಯೇ ಎಂದು ಇಲಾಖೆಯಿಂದ ಬರಹದಲ್ಲಿ ಪಡೆಯಬೇಕು, ಫೋನಿನ ಮಾತು ಸಾಲದು. ಬಂದೋಬಸ್ತಿಗೆ ಬರಬೇಕಿದ್ದ ಪೊಲೀಸರು ಗಣ್ಯರ ಭೇಟಿಗೆ ಹೋಗಿದ್ದಾರೆಯೇ ಎಂದು ಠಾಣೆಯಲ್ಲಿ ವಿಚಾರಿಸಬೇಕು. ಸಚಿವರು, ಶಾಸಕರು ಬರುವ ಉದ್ಘಾಟನೆ, ಡಿಜೆ, ಪಟಾಕಿ, ರಾತ್ರಿಯ ಆರ್ಕೆಸ್ಟ್ರಾ, ಬಹುಮಾನದ ಮೆರವಣಿಗೆ ಇವನ್ನೆಲ್ಲ ತೆಗೆದುಹಾಕಿ, ತಂಡಗಳನ್ನು ಸಾಲಾಗಿ ನಿಲ್ಲಿಸಿ ಒಂದು ನಿಮಿಷ ಮೌನ ಆಚರಿಸಿ ಪಂದ್ಯ ಶುರುಮಾಡಬಹುದು. ದೂರದ ಊರುಗಳಿಂದ ಸ್ವಂತ ಖರ್ಚಿನಲ್ಲಿ ಬಂದ ತಂಡಗಳಿದ್ದರೆ ಅವಕ್ಕೆ ಮರಳುವ ಬಸ್ಸಿನ ಹೊತ್ತಿಗೆ ಸರಿಯಾಗಿ ಪಂದ್ಯ ಹೊಂದಿಸಿ, ಅಂತ್ಯಸಂಸ್ಕಾರದ ಎರಡು ಗಂಟೆ ಮಾತ್ರ ಅಂಕಣ ಖಾಲಿ ಬಿಟ್ಟರೆ ಸಾಕು.